ಸೊಸೆಗೆ ಬರೆದ ಶಿಫಾರಸು ಪತ್ರ

ಭಾನುವಾರದ ಚರ್ಚು ಮುಗಿಸಿ ಬಂದು ಎಲ್ಲರೂ ಊಟದ ಮೇಜಿಗೆ ಕೂತಿದ್ದರಷ್ಟೇ. ಟ್ವೈಲಾ ಬೀನ್ಸ್ ತುಂಬಿದ ಬೋಗುಣಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ನೋಡಿದಳು. ಮುಖ ಮೊದಲು ಅರಳಿತು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಬಿಳಿಚಿಕೊಂಡಿತು. ಬೋಗುಣಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಂಡನ ಕೈಗೇ ಕೊಟ್ಟಳು.

"ಕಾಲೇಜಿಂದ ಬಂದಿದೆ," ಅಂದಳು.

"ಇಂಟರ್‌ವ್ಯೂಗೆ ಕರೆದ್ರಾ?" ಡೇಲ್ ಅರ್ಧ ಎದ್ದೇಬಿಟ್ಟ.

"ಕರೀತಾರಂತೆ. ಆದ್ರೆ..."

ಮೇಜಿನ ತುದಿಯಲ್ಲಿದ್ದ ಅತ್ತೆ, ಡಾಕ್ಟರ್ ವರ್ನಾ ಸ್ಟಿಕ್ಲಿ, ಏನೂ ಕೇಳದೆ ಕೈ ಚಾಚಿದರು. ಆ ಕೈ ಚಾಚಿದರೆ ಕೊಡದೆ ಇರುವವರು ಆ ಮನೆಯಲ್ಲಿರಲಿಲ್ಲ. ಫೋನು ತೆಗೆದುಕೊಂಡು, ರೋಗಿಯ ರಕ್ತಪರೀಕ್ಷೆ ಓದುವ ದನಿಯಲ್ಲೇ ಓದಿದರು: "ಅಭ್ಯರ್ಥಿಯ ಅರ್ಜಿ ನಮಗೆ ಮೆಚ್ಚುಗೆಯಾಗಿದೆ. ಆದರೆ ಆಸ್ಟಿಯೋಪಥಿ ವೈದ್ಯರ ಶಿಫಾರಸು ಪತ್ರವನ್ನು ಅಭ್ಯರ್ಥಿಯ ಅತ್ತೆಯೇ ಬರೆದಿರುವುದರಿಂದ ಪರಿಗಣಿಸಲಾಗದು. ಹತ್ತು ದಿನಗಳೊಳಗೆ ಬೇರೊಬ್ಬ ಆಸ್ಟಿಯೋಪಥಿ ವೈದ್ಯರ ಪತ್ರ ತಲುಪಿದಲ್ಲಿ ಸಂದರ್ಶನದ ದಿನಾಂಕ ತಿಳಿಸಲಾಗುವುದು."

ನಮ್ಮ ಮಿಸ್ಸೂರಿಯ ಈ ಭಾಗದಲ್ಲಿ ಡಾಕ್ಟರೆಂದರೆ ಡಿ.ಓ.ಗಳೇ, ಅಂದರೆ ಆಸ್ಟಿಯೋಪಥಿ ವೈದ್ಯರೇ. ಮಾತ್ರೆ, ಸೂಜಿ, ಹೆರಿಗೆ ಎಲ್ಲ ಉಳಿದ ಡಾಕ್ಟರುಗಳಂತೆಯೇ. ಅದರ ಮೇಲೆ ಕೈಯಿಂದ ಮುಟ್ಟಿ ಮೂಳೆ, ಸ್ನಾಯು ಸರಿಪಡಿಸುವ ವಿದ್ಯೆ. ಟ್ವೈಲಾ ಒಂಬತ್ತು ವರ್ಷದಿಂದ ಅತ್ತೆಯ ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡುತ್ತ, ಫೈಲು ಜೋಡಿಸುತ್ತ ಆ ವಿದ್ಯೆಯನ್ನು ಪಕ್ಕದಲ್ಲಿ ನಿಂತು ನೋಡಿದವಳು. ನೋಡಿ ನೋಡಿ ಆಸೆ ಹುಟ್ಟಿತು. ಕೆಲಸದ ಜೊತೆಗೇ ರಸಾಯನಶಾಸ್ತ್ರ, ಜೀವಶಾಸ್ತ್ರ ಅಂತ ಆರು ವರ್ಷ ಓದಿದಳು. ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದಳು. ಕಳೆದ ವರ್ಷ ಅರ್ಜಿ ಹಾಕಿದಾಗ ಒಬ್ಬರೂ ಕರೆಯಲಿಲ್ಲ. ಈ ವರ್ಷ ಮೂರು ಕಾಲೇಜಿಗೆ ಹಾಕಿದ್ದಳು. ಎರಡು ಆಗಲೇ ಇಲ್ಲ ಅಂದಿದ್ದವು. ಮೂವತ್ತನಾಲ್ಕು ತುಂಬಿತ್ತು. ಇದೇ ಕೊನೆ, ಆಮೇಲೆ ಈ ಮಾತೇ ಎತ್ತುವುದಿಲ್ಲ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

"ಅವರಿಗೆ ಹೇಗೆ ಗೊತ್ತಾಯ್ತು?" ಅಂದಳು ಟ್ವೈಲಾ. "ನೀವು ತವರಿನ ಸ್ಟಿಕ್ಲಿ ಅನ್ನೋ ಹೆಸರೇ ಇಟ್ಕೊಂಡಿದ್ದೀರಿ, ನಮ್ಮದು ಹೋಬರ್ಟ್. ಕಾಗದದ ಮೇಲೆ ಯಾರಿಗೂ ಗೊತ್ತಾಗಲ್ಲ."

"ನಾನೇ ಬರೆದೆ," ಅಂದರು ವರ್ನಾ. "ಕೊನೇ ಸಾಲಲ್ಲಿ. ಈಕೆ ನನ್ನ ಸೊಸೆ ಅಂತ."

"ಯಾಕೆ ಬರೆದ್ರಿ ಡಾಕ್ಟ್ರೇ?"

"ನಿಜ ತಾನೇ?"

ಕ್ಲಿನಿಕ್ಕಿನ ಅಭ್ಯಾಸದಿಂದ ಮನೆಯಲ್ಲೂ ಅತ್ತೆಯನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದವಳು, ಒಂಬತ್ತು ವರ್ಷ ತಲೆಯೆತ್ತಿ ಮಾತಾಡದವಳು, ಆವತ್ತು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. "ನಾನು ಹೋದ್ರೆ ನಿಮ್ಮ ಕ್ಲಿನಿಕ್ಕಲ್ಲಿ ಫೈಲು ಹುಡುಕೋರು ಇರಲ್ಲ. ಅದಕ್ಕೇ ಬರೆದ್ರಿ. ಒಂಬತ್ತು ವರ್ಷದಲ್ಲಿ ಒಂದು ದಿನ ಚೆನ್ನಾಗಿ ಮಾಡಿದೆ ಅಂದಿಲ್ಲ ನೀವು... ಹೋಗ್ಲಿ, ಅದು ಬೇಡ ನಂಗೆ. ಹೊರಗೆ ಹೋಗೋ ಬಾಗಿಲಿಗೆ ಬೀಗ ಹಾಕದೆ ಇದ್ದಿದ್ರೆ ಸಾಕಿತ್ತು."

"ಟ್ವೈಲಾ, ಅಮ್ಮ ಬೇಕಂತ..."

"ನೀನು ಸುಮ್ನಿರು ಡೇಲ್."

ವರ್ನಾ ಕೂತಲ್ಲೇ ಕೂತು ಒಂದೇ ಪ್ರಶ್ನೆ ಕೇಳಿದರು. "ಸಂಬಂಧಿಕರು ಬರೀಬಾರದು ಅನ್ನೋದು ನಿಂಗೆ ಗೊತ್ತಿತ್ತಾ?"

ಟ್ವೈಲಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಗೊತ್ತಿತ್ತು. ಕೆಲಸ ಕೊಟ್ಟ ಡಾಕ್ಟ್ರು ಅಂತ ನಡೆದುಹೋಗುತ್ತೆ ಅಂದ್ಕೊಂಡೆ."

"ನಂಗೆ ಗೊತ್ತಿರಲಿಲ್ಲ," ಅಂದರು ವರ್ನಾ. ತಟ್ಟೆ ಮುಟ್ಟದೆ ಎದ್ದು, ಗೂಟದಲ್ಲಿದ್ದ ಕೋಟು ತೆಗೆದುಕೊಂಡು, ಟ್ರಕ್ಕು ಹತ್ತಿ ಹೊರಟುಹೋದರು. ಎಲ್ಲಿಗೆಂದು ಕೇಳುವ ಧೈರ್ಯ ಮಗನಿಗೂ ಆಗಲಿಲ್ಲ.

ಅವರು ಹೋದದ್ದು ಐವತ್ತು ಮೈಲಿ ಆಚೆಗಿದ್ದ ಡಾಕ್ಟರ್ ಓರ್ವಿಲ್ ಪ್ಲಂಬ್ ಮನೆಗೆ. ಒಂದು ಕಾಲದಲ್ಲಿ ವರ್ನಾ ಮತ್ತು ಪ್ಲಂಬ್ ಒಂದೇ ಬೋರ್ಡಿನ ಕೆಳಗೆ ಕ್ಲಿನಿಕ್ಕು ನಡೆಸುತ್ತಿದ್ದವರು. ವರ್ನಾರ ಗಂಡ ತೀರಿಹೋದ ವಾರವೇ ಪ್ಲಂಬ್ ಅರ್ಧ ರೋಗಿಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದರು, ಮಣ್ಣಿಗೂ ಬರಲಿಲ್ಲ. ಅಲ್ಲಿಂದ ಹತ್ತೊಂಬತ್ತು ವರ್ಷ ಆ ಹೆಸರನ್ನು ಕ್ಲಿನಿಕ್ಕಿನಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಒಮ್ಮೆ ಔಷಧಿ ಕಂಪನಿಯವನೊಬ್ಬ ತಿಳಿಯದೆ ಎತ್ತಿ, ಚೀಲ ಮುಚ್ಚಿಕೊಂಡು ಹೊರಗೆ ನಡೆದದ್ದನ್ನು ಊರೇ ನೋಡಿ ನಕ್ಕಿತ್ತು.

ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಪ್ಲಂಬ್, ಟ್ರಕ್ಕಿನಿಂದ ಇಳಿದವರನ್ನು ನೋಡಿ ಪೊರಕೆಗೆ ಆತುಕೊಂಡು ನಿಂತರು. "ಯಾರು ಸತ್ರು?"

"ಯಾರೂ ಸತ್ತಿಲ್ಲ. ಸತ್ತಾಗ ಬರಲಿಲ್ಲ, ಈಗ್ಯಾಕೆ ವಿಚಾರಿಸ್ತೀಯ? ನನ್ನ ಸೊಸೆಗೆ ಒಂದು ಶಿಫಾರಸು ಪತ್ರ ಬೇಕು."

"ಬೇಡೋಕೆ ಬಂದ್ಯಾ ವರ್ನಾ? ಇನ್ನೊಂದ್ಸಲ ಹೇಳು, ಕಿವಿ ಸರಿಯಾಗಿ ಕೇಳ್ಸಲ್ಲ."

"ಬೇಡೋಕೇ ಬಂದೆ. ಕೇಳ್ಸಿತಾ?"

ಕೆಣಕಬೇಕೆಂದಿದ್ದ ಮುದುಕ ಅದನ್ನು ಬಿಟ್ಟು ಪೊರಕೆಯನ್ನು ಗೋಡೆಗೆ ಒರಗಿಸಿದರು. "ಗುರುತಿಲ್ಲದೋರಿಗೆ ನಾನು ಬರೆಯಲ್ಲ. ನಾಳೆಯಿಂದ ಒಂದು ವಾರ ಕಳ್ಸು, ಕೆಲಸ ನೋಡ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಇಲ್ಲ."

"ಹಿಡಿಸುತ್ತೆ," ಅಂದು ವರ್ನಾ ಟ್ರಕ್ಕು ಹತ್ತಿದರು.

ಸೋಮವಾರ ಬೆಳಿಗ್ಗೆ ಟ್ವೈಲಾಳ ಕಾಫಿ ಲೋಟದ ಕೆಳಗೆ ಒಂದು ಚೀಟಿ ಇತ್ತು. ಪ್ಲಂಬ್ ಹೆಸರು, ವಿಳಾಸ, ಕೆಳಗೆ "ಎಂಟು ಗಂಟೆ. ತಡ ಮಾಡಬೇಡ." ಅಷ್ಟೇ. ಬರೆದವರು ಆಗಲೇ ಕ್ಲಿನಿಕ್ಕಿಗೆ ಹೋಗಿಯಾಗಿತ್ತು. ಅವಳು ಚೀಟಿಯನ್ನು ಎರಡು ಸಲ ಓದಿ, ಆ ಹೆಸರು ಅದೇ ಹೌದೋ ಅಂತ ಗಂಡನಿಗೂ ಓದಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಕಾರಿನ ಕಡೆ ಓಡಿದಳು.

ಪ್ಲಂಬ್ ಮೊದಲ ಮೂರು ದಿನ ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಏ ಹುಡುಗಿ, ಆ ಭುಜ ಹಿಡ್ಕೋ", "ಏ ಹುಡುಗಿ, ನೋವು ಎಲ್ಲಿಂದ ಶುರು ಅಂತ ಅವರನ್ನ ಕೇಳು, ನನ್ನ ಮುಖ ಯಾಕೆ ನೋಡ್ತೀಯ" — ಇದೇ ಮಾತು. ಆದರೆ ಅವಳಿಗೆ ಬೇಸರ ಎಲ್ಲಿ? ದಿನಾ ನೂರು ಮೈಲಿ ಕಾರು ಓಡಿಸಿಯೂ ಸುಸ್ತೆನ್ನಲಿಲ್ಲ. ಹೊಲದಲ್ಲಿ ಬಿದ್ದು ಸೊಂಟ ಉಳುಕಿದವರು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದ ಅಜ್ಜಿಯರು, ಒಬ್ಬೊಬ್ಬರ ಮೈಯೂ ಅವಳಿಗೆ ಹೊಸ ಪಾಠ. ಗುರುವಾರ ಮಧ್ಯಾಹ್ನ ರೋಗಿಗಳು ತೆರಪಾದಾಗ ಪ್ಲಂಬ್ ಹಳೆಯ ಟೆಲಿಫೋನ್ ಡೈರೆಕ್ಟರಿ ತಂದು ಮೇಜಿನ ಮೇಲೆ ಕುಕ್ಕಿದರು.

"ಒಂದು ಕೂದಲು ಕಿತ್ಕೊಡು."

ಟ್ವೈಲಾಗೆ ಒಳಗೊಳಗೇ ನಗು. ನಮ್ಮ ಡಿ.ಓ.ಗಳು ಕೈ ಪಳಗಿಸುವ ಹಳೆಯ ಆಟ ಇದು: ಹಾಳೆಯ ಅಡಿಯಲ್ಲಿ ಕೂದಲಿಟ್ಟು, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಅದು ಎಲ್ಲಿದೆ ಅಂತ ಹೇಳಬೇಕು. ಹೇಳಿದಂತೆಲ್ಲ ಒಂದೊಂದೇ ಹಾಳೆ ಮೇಲೆ ಬೀಳುತ್ತದೆ. ಅವಳು ಐದು ಹಾಳೆಗೆ ಹೇಳಿದಳು. ಒಂಬತ್ತಕ್ಕೆ ಹೇಳಿದಳು. ಹದಿನಾಲ್ಕನೆಯದಕ್ಕೆ ಉಸಿರು ಬಿಗಿಹಿಡಿದು, ಬೆರಳನ್ನು ತೇಲಿಸುತ್ತ ತೇಲಿಸುತ್ತ ನಿಲ್ಲಿಸಿದಳು. "ಇಲ್ಲಿ."

ಪ್ಲಂಬ್ ಹಾಳೆ ಎತ್ತಿ ನೋಡಿ, ಕನ್ನಡಕ ತೆಗೆದರು. "ಯಾರು ಕಲಿಸಿದ್ದು?"

"ವರ್ನಾ ಡಾಕ್ಟ್ರು. ರೋಗಿಗಳು ಇಲ್ದಾಗ ಸುಮ್ನೆ ಕೂರಬೇಡ ಅಂತ ಬೈದು ಮಾಡಿಸ್ತಿದ್ರು."

"ಬೈದಳು ಅಂದ್ರೆ ಇಷ್ಟಪಟ್ಟಳು ಅಂತ. ನಂಗೂ ಬೈತಿದ್ಲು, ನಾನು ಬಿಟ್ಟುಹೋದೆ. ಅವಳ ಮುಖ ನೋಡೋ ಧೈರ್ಯ ಇಲ್ದೆ ಮಣ್ಣಿಗೂ ಹೋಗ್ಲಿಲ್ಲ." ಮುದುಕ ಡೈರೆಕ್ಟರಿ ಮುಚ್ಚಿದರು. "ಭಾನುವಾರ ನನ್ನ ಅಂಗಳದಲ್ಲಿ ನಿಂತು, ಬೇಡೋಕೆ ಬಂದೆ ಅಂದ್ಲು. ನಿಂಗೋಸ್ಕರ. ವರ್ನಾ ಸ್ಟಿಕ್ಲಿ ಬಾಯಲ್ಲಿ ಆ ಮಾತು ಬರುತ್ತೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ಪತ್ರ ಇವತ್ತೇ ಕಳಿಸ್ತೀನಿ ಟ್ವೈಲಾ."

ಮನೆಗೆ ಬರುವ ಐವತ್ತು ಮೈಲಿಯೂ ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು... ಬೀಗ ಹಾಕಿದರು ಅಂದಳಲ್ಲ ತಾನು? ಅಡುಗೆಮನೆಯಲ್ಲಿ ವರ್ನಾ ಎರಡೂ ಹೆಬ್ಬೆರಳಿಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದರು. ನಲವತ್ತು ವರ್ಷ ಜನರ ಬೆನ್ನು ತಿದ್ದಿದ ಹೆಬ್ಬೆರಳು, ಈಗ ಗಂಟು ಕಟ್ಟಿದ್ದವು.

"ಡಾಕ್ಟ್ರೇ, ಆವತ್ತು ನಾನು..."

"ಬರೀತಾನಂತಾ?"

"ಬರೀತಾರಂತೆ."

"ಹ್ಞೂಂ," ಅಂದರು ವರ್ನಾ. "ಆ ಆಲೂಗಡ್ಡೆ ಸಿಪ್ಪೆ ತೆಗಿ, ನನ್ನ ಕೈಲಾಗಲ್ಲ."

ಎಂಟನೇ ದಿನ ಸಂದರ್ಶನದ ಕರೆ ಬಂತು. ಆಮೇಲಿನ ಎರಡು ವಾರ ಆ ಮನೆಯಲ್ಲಿ ಮದುವೆಯ ಗಡಿಬಿಡಿ. ಡೇಲ್ ಹೆಂಡತಿಯ ಬೂಟಿಗೆ ಮೂರು ಸಲ ಪಾಲಿಶ್ ಹಾಕಿದ. ಚರ್ಚಿನ ಹೆಂಗಸರು ನೀಲಿ ಕೋಟಿನ ತೋಳು ಹಿಡಿದು ಹೊಲಿದುಕೊಟ್ಟರು. ಬಿ.ಪಿ. ತೋರಿಸಲು ಬಂದ ರೈತರೂ "ಯಾಕಮ್ಮ ಡಾಕ್ಟ್ರಾಗಬೇಕು ನಿಂಗೆ?" ಅಂತ ಗಂಭೀರವಾಗಿ ಪರೀಕ್ಷೆ ಮಾಡತೊಡಗಿದರು. ಆ ದಿನ ಟ್ರಕ್ಕು ಓಡಿಸಿದ್ದು ವರ್ನಾರೇ. ಮೂರು ಗಂಟೆಯ ದಾರಿಯುದ್ದಕ್ಕೂ ಬಿಡದೆ ಪ್ರಶ್ನೆ.

"ಯಾಕೆ ಆಸ್ಟಿಯೋಪಥಿ?"

"ಜನರ ಸೇವೆ ಮಾಡೋ ಆಸೆಯಿಂದ..."

"ಥೂ. ಅದನ್ನ ಪಾದ್ರಿನೂ ಹೇಳ್ತಾನೆ. ಬೇರೆ ಹೇಳು."

"ಮನುಷ್ಯನನ್ನ ಇಡಿಯಾಗಿ ನೋಡೋ ವೈದ್ಯ..."

"ಅದು ಅವರದೇ ಕರಪತ್ರದಲ್ಲಿದೆ. ಅವರದ್ದನ್ನ ಅವರಿಗೇ ಓದಿ ಹೇಳ್ತೀಯಾ?"

ಕಾಲೇಜು ತಲುಪುವಷ್ಟರಲ್ಲಿ ಬಾಯಿಪಾಠ ಮಾಡಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಅದೇ ಒಳ್ಳೆಯದಾಯಿತು ಅನ್ನಬೇಕು. ಎದುರಿಗೆ ಇಬ್ಬರು ಕೂತಿದ್ದರು: ಒಬ್ಬ ಬಿಳಿ ಗಡ್ಡದ ಪ್ರಾಧ್ಯಾಪಕರು, ಒಬ್ಬಳು ಚುರುಕು ಕಣ್ಣಿನ ವೈದ್ಯೆ. ಯಾಕೆ ಆಸ್ಟಿಯೋಪಥಿ ಎಂದು ಕೇಳಿದಾಗ ಅವಳು, ಅತ್ತೆಯ ಕ್ಲಿನಿಕ್ಕಿಗೆ ಪಕ್ಕೆ ಹಿಡಿದು ಬಂದ ಒಬ್ಬ ಅಜ್ಜಿಯ ಕತೆ ಹೇಳಿದಳು. ಆ ಅಜ್ಜಿಗೆ ಗಂಡ ಸತ್ತ ಮೇಲೆ ಎರಡು ವರ್ಷದಿಂದ ಒಬ್ಬರ ಕೈಯೂ ತಾಗಿರಲಿಲ್ಲ. ಡಾಕ್ಟರು ಬೆನ್ನಿಗೆ ಅಂಗೈ ಇಟ್ಟ ಕೂಡಲೇ ಗಳಗಳನೆ ಅತ್ತು, ಆಮೇಲೆ ಉಸಿರೆಳೆದಳು. "ಆ ಕೈ ನಂಗೆ ಬೇಕು ಅನ್ನಿಸ್ತು," ಅಂದಳು ಟ್ವೈಲಾ. ಗಡ್ಡದವರು ಬರೆಯುವುದನ್ನು ನಿಲ್ಲಿಸಿದರು.

ಆಗ ವೈದ್ಯೆ ಫೈಲು ತಿರುವಿದಳು. "ನಿಮ್ಮ ಮೊದಲನೇ ಪತ್ರ ನಾವು ತೆಗೆದುಹಾಕಬೇಕಾಯ್ತು. ಸಂಬಂಧಿಕರು ಬರೀಬಾರದು ಅನ್ನೋ ನಿಯಮ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ ಅಂದರೆ ಸಾಕು. ಯಾರು ಕೇಳುತ್ತಾರೆ? ಒಂದೇ ಒಂದು ಸುಳ್ಳು, ಆರು ವರ್ಷದ ಓದು ಉಳಿಯುತ್ತದೆ. ಗೊತ್ತಿತ್ತು ಅಂದರೆ ಮೋಸಗಾತಿ ಅಂತ ಇಲ್ಲಿಂದಲೇ ಕಳಿಸಬಹುದು. ಟ್ವೈಲಾ ಮಡಿಲಲ್ಲಿದ್ದ ಕೈಗಳನ್ನು ಬಿಗಿಹಿಡಿದಳು.

"ಗೊತ್ತಿತ್ತು ಮೇಡಂ. ಹೆಸರು ಬೇರೆ ಇದೆ, ಯಾರಿಗೂ ತಿಳಿಯಲ್ಲ ಅಂದ್ಕೊಂಡೆ. ನಮ್ಮ ಅತ್ತೆಗೆ ಗೊತ್ತಿರಲಿಲ್ಲ, ಅವರು ಇದ್ದದ್ದನ್ನ ಇದ್ದ ಹಾಗೆ ಬರೆದ್ರು. ತಪ್ಪು ನಂದು, ಅವರ ಮೇಲೆ ಕೂಗಾಡಿದ್ದೂ ನಾನೇ."

ವೈದ್ಯೆ ಗಡ್ಡದವರ ಕಡೆ ನೋಡಿದಳು. "ಎಷ್ಟು ದಿನ ಕೋಪ ಇತ್ತು?"

"ಗುರುವಾರದವರೆಗೆ," ಅಂದಳು ಟ್ವೈಲಾ. ಇಬ್ಬರೂ ನಕ್ಕರು, ಆದರೆ ಆ ನಗುವಿನ ಅರ್ಥ ಅವಳಿಗೆ ತಿಳಿಯಲಿಲ್ಲ.

ಟ್ರಕ್ಕಿಗೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ವರ್ನಾ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ಕೇಳಿದರು.

"ಸೀಟು ಹೋಗಬಹುದು," ಅಂದರು.

"ಗೊತ್ತು."

"ಹೇಳಿದ್ದು ಸರಿ." ಇಂಜಿನ್ ಶುರುವಾದ ಮೇಲೆ, ಕನ್ನಡಿ ನೋಡುತ್ತಲೇ, "ಚೆನ್ನಾಗಿ ಮಾಡಿದೆ," ಅಂದರು. ಟ್ವೈಲಾ ಕಿಟಕಿಯ ಕಡೆ ತಿರುಗಿ ಕೂತಳು, ಕಣ್ಣು ತುಂಬಿದ್ದು ಕಾಣಬಾರದೆಂದು.

ಸಂದರ್ಶನವಾದ ಹದಿಮೂರನೇ ದಿನ ಬೆಳಿಗ್ಗೆ ಹತ್ತೂವರೆಗೆ ಕ್ಲಿನಿಕ್ಕಿನ ಫೋನಿಗೇ ಕರೆ ಬಂತು. ಹೊರಗೆ ಆರು ಜನ ಕಾಯುತ್ತಿದ್ದರು. ಟ್ವೈಲಾ ಕೇಳಿಸಿಕೊಂಡಳು, "ಥ್ಯಾಂಕ್ಸ್ ಮೇಡಂ" ಅಂತ ನಾಲ್ಕು ಸಲ ಅಂದಳು, ಫೋನು ಇಟ್ಟಳು. ಇಡುವಾಗ ಜಾಗ ತಪ್ಪಿ ಅದು ಕೆಳಗೆ ಬಿತ್ತು. ಕಾಯುತ್ತಿದ್ದವರಲ್ಲಿ ಒಬ್ಬ ಮುದುಕ ಅವಳ ಮುಖ ನೋಡಿಯೇ ಟೋಪಿ ತೆಗೆದು ಮೇಲಕ್ಕೆ ಎಸೆದ. ಹೆಂಗಸರು ತಬ್ಬಿಕೊಂಡರು. ಊರಿನ ಹುಡುಗಿಗೆ ಸೀಟು ಸಿಕ್ಕ ಸಂಭ್ರಮದಲ್ಲಿ ಯಾರಿಗೂ ತಮ್ಮ ನೋವಿನ ನೆನಪಿರಲಿಲ್ಲ.

ಒಳಗೆ ವರ್ನಾ ಕಿಟಕಿಗೆ ಮುಖ ಮಾಡಿ ನಿಂತಿದ್ದರು. ಹೊರಗಿನ ಗಲಾಟೆಯೆಲ್ಲ ಕೇಳಿಸಿತ್ತು.

"ಬೇಸಿಗೆಯಲ್ಲಿ ಕ್ಲಿನಿಕ್ಕು ಮುಚ್ಚಿ ಅರಿಜೋನಾಗೆ ಬಂದುಬಿಡ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ದೆ," ಅಂದರು. "ಬರಲ್ಲ ಅಂತ ಮೊನ್ನೆ ಫೋನ್ ಮಾಡಿ ಹೇಳ್ದೆ. ನಾಲ್ಕು ವರ್ಷ ಓದು, ಮೂರು ವರ್ಷ ತರಬೇತಿ. ಏಳು ವರ್ಷ ಈ ಬಾಗಿಲು ತೆಗೆದಿರಬೇಕಲ್ಲ. ಪ್ಲಂಬ್ ವಾರಕ್ಕೆ ಎರಡು ದಿನ ಬರ್ತಾನಂತೆ. ಬರಲಿ, ದಾರಿ ಗೊತ್ತಿದೆ ಅವನಿಗೆ."

"ಮೊನ್ನೆನಾ? ಸೀಟು ಸಿಗೋಕೆ ಮುಂಚೆನೇ?"

ವರ್ನಾ ಬೂಟು ಬಿಚ್ಚಿಟ್ಟು, ರೋಗಿಗಳ ಮಂಚದ ಮೇಲೆ ಕಷ್ಟಪಟ್ಟು ಹತ್ತಿ, ಅಂಗಾತ ಮಲಗಿದರು. ಆ ಮಂಚದ ಮೇಲೆ ಅವರು ಮಲಗಿದ್ದನ್ನು ಟ್ವೈಲಾ ಯಾವತ್ತೂ ನೋಡಿರಲಿಲ್ಲ.

"ತಲೆ ಹಿಡ್ಕೋ," ಅಂದರು. "ಏನೂ ಮಾಡಬೇಡ, ನಿಂಗಿನ್ನೂ ಅಧಿಕಾರ ಇಲ್ಲ. ಸುಮ್ನೆ ಹಿಡ್ಕೊಂಡು, ಎಲ್ಲಿ ಬಿಗಿ ಇದೆ ಹೇಳು."

ಟ್ವೈಲಾ ಅತ್ತೆಯ ನೆತ್ತಿಯ ಹಿಂದೆ ಕೂತು, ಆ ನರೆತ ತಲೆಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡಳು. ಎಷ್ಟು ಹಗುರ ತಲೆ. ಬೆರಳುಗಳು ಕತ್ತಿನ ಬುಡಕ್ಕೆ ಜಾರಿ, ಹುಡುಕಿ, ನಿಂತವು.

"ಎಡಗಡೆ. ಕಿವಿ ಕೆಳಗೆ. ಕಲ್ಲಿನ ಹಾಗಿದೆ."

"ಸರಿಯಾಗಿ ಹೇಳ್ದೆ," ಅಂದರು ವರ್ನಾ. ಮುಚ್ಚಿದ ಕಣ್ಣಿನ ಅಂಚಿನಿಂದ ಹನಿಯೊಂದು ಇಳಿದು ಟ್ವೈಲಾಳ ಬೆರಳಿಗೆ ತಾಗಿತು.

"ಡಾಕ್ಟ್ರೇ, ಹೊರಗೆ ಆರು ಜನ ಕಾಯ್ತಿದ್ದಾರೆ."

"ಕಾಯಲಿ," ಅಂದರು ವರ್ನಾ. "ಕೈ ತೆಗೀಬೇಡ."