ಎರಡು ಕುಂಡಗಳ ಸರ್ಪ

ಬಹಳ ಹಿಂದೆ, ಗಾಳಿಯೇ ದೀಪ ಹೊತ್ತಿಸುತ್ತಿದ್ದ ಒಂದು ರಾಜ್ಯವಿತ್ತು. ಅದರ ಹೆಸರು ಪವನಗಿರಿ. ಕೋಟೆಯ ಗಾಳಿಚಕ್ರಗಳು ತಿರುಗಿದರೆ ಮಿಂಚು ಹುಟ್ಟುತ್ತಿತ್ತು; ಮಿಂಚಿನಿಂದ ಗೋಪುರದ ದೀಪ ಉರಿಯುತ್ತಿತ್ತು. ಆ ಬೆಳಕಿರುವವರೆಗೆ ಹಿಮದ ಮೈಯ ಮಾಂತ್ರಿಕ ಶೀತಕೇತು ಕೋಟೆಯೊಳಗೆ ಕಾಲಿಡುವಂತಿರಲಿಲ್ಲ. ಅವನು ರಾಜಕುಮಾರಿ ಕುಮುದಿನಿಯನ್ನು ಮದುವೆಗೆ ಕೇಳಿದ್ದ, ರಾಜ ಕೊಡೆನೆಂದಿದ್ದ.

"ಹಾಗಾದರೆ ಗಾಳಿಯನ್ನೇ ಕಟ್ಟುತ್ತೇನೆ. ದೀಪ ಆರಿದ ದಿನ ಅವಳನ್ನು ಒಯ್ಯುತ್ತೇನೆ," ಎಂದು ಗುಡುಗಿ ಹೋಗಿದ್ದ.

ಅವಳ ಅಣ್ಣ ಚಿತ್ರರಥ ಮಿಂಚನ್ನು ಕೂಡಿಡಲು ಹೊರಟ. ಮೊದಲು ತಾಮ್ರದ ಕೊಡದಲ್ಲಿ ತುಂಬಿದ, ಕೊಡ ಸಿಡಿಯಿತು. ಆಮೇಲೆ ಮಿಂಚಿನಿಂದ ಕಲ್ಲು ಕಾಯಿಸಿ ಮುಚ್ಚಿಟ್ಟ. ಬಿಸಿಯೇನೋ ಉಳಿಯಿತು, ಮಿಂಚು ಮರಳಲಿಲ್ಲ. ಮೂರನೆಯ ಸಲ ಬೆಟ್ಟದ ಗುಹೆಗೆ ಹೋಗಿ ಅಲ್ಲಿ ವಾಸವಾಗಿದ್ದ ಒಂದು ಮಾಯಾಸರ್ಪದ ಮುಂದೆ ಕೈಮುಗಿದು ನಿಂತ.

"ಎರಡು ಕುಂಡ ತೋಡಿಸು ಮಗೂ," ಎಂದಿತು ಸರ್ಪ. "ಒಂದರಲ್ಲಿ ಕಲ್ಲು, ಇನ್ನೊಂದರಲ್ಲಿ ನೀರು. ನನಗೆ ಮಿಂಚು ಉಣಿಸಿದರೆ ನೀರಿನ ಬಿಸಿ ಹೀರಿ ಕಲ್ಲಿಗೆ ಊದುತ್ತೇನೆ. ನೀರು ಹೆಪ್ಪುಗಟ್ಟುತ್ತದೆ, ಕಲ್ಲು ಕೆಂಪಗೆ ಕಾಯುತ್ತದೆ. ಗಾಳಿ ನಿಂತಾಗ ಆ ಬಿಸಿ ನನ್ನ ಮೈಯೊಳಗಿಂದ ತಂಪಿನ ಕಡೆಗೆ ಹರಿಯುತ್ತದೆ. ಹರಿಯುವಾಗ ಮಿಂಚು ಹುಟ್ಟುತ್ತದೆ. ಉಣಿಸಿದಷ್ಟೂ ಬರುವುದಿಲ್ಲ, ದೀಪಕ್ಕೆ ಸಾಲುತ್ತದೆ. ಎರಡು ಕುಂಡವನ್ನೂ ಕಾಯಬೇಕು."

ಕೋಟೆಯೊಳಗೆ ಹಾಗೆಯೇ ಮಾಡಿದರು; ಸರ್ಪ ಬಂದು ಎರಡು ಕುಂಡಗಳ ನಡುವೆ ಮಲಗಿತು. ಶೀತಕೇತು ಗಾಳಿ ಕಟ್ಟಿದರೂ ದೀಪ ಆರಲಿಲ್ಲ. ಆದರೆ ಕಾವಲಿಟ್ಟದ್ದು ಕಲ್ಲಿನ ಕುಂಡಕ್ಕೆ ಮಾತ್ರ. ತಣ್ಣಗಿರುವುದನ್ನು ಯಾರು ಕದಿಯುತ್ತಾರೆ, ಅಲ್ಲವೇ?

ಪವನಗಿರಿಯಲ್ಲಿ ಒಂದು ಪದ್ಧತಿಯಿತ್ತು. ಕಷ್ಟದಲ್ಲಿರುವವರ ಹೆಸರು ಹೇಳಿ ತಣ್ಣಗಾದ ಒಲೆಗೆ ಕೆಂಡ ಹಾಕಿದರೆ ಅವರಿಗೆ ಶುಭವೆಂಬ ನಂಬಿಕೆ. ರಾಜಕುಮಾರಿಯನ್ನು ಎತ್ತಿ ಆಡಿಸಿದ ದಾದಿ ತುಂಗಜ್ಜಿ, ಅದೂ ತಣ್ಣಗಾದ ಒಲೆಯೆಂದೇ ಬಗೆದು, ಅವಳ ಹೆಸರು ಹೇಳಿ ಹಿಮದ ಕುಂಡಕ್ಕೆ ಕೆಂಡ ಸುರಿದಳು. ಅವಳನ್ನು ನೋಡಿ ಊರಿಗೆ ಊರೇ ಸುರಿಯಿತು. ಹಿಮ ಕರಗಿ ನೀರು ಬಿಸಿಯೇರಿತು. ಕಲ್ಲಿನ ಬಿಸಿಗೆ ಹರಿಯಲು ಜಾಗವೇ ಇಲ್ಲವಾಯಿತು. ಸರ್ಪ ಕಣ್ಣು ಮುಚ್ಚಿತು, ದೀಪ ಆರಿತು.

"ಅಜ್ಜೀ, ಏನು ಮಾಡಿಬಿಟ್ಟಿರಿ!" ಎಂದ ಚಿತ್ರರಥ.

"ನನ್ನ ಕಂದನಿಗೆ ಒಳ್ಳೆಯದಾಗಲಿ ಅಂತ ಹಾಕಿದೆ ದೊರೆ," ಎಂದು ಮುದುಕಿ ಎದೆ ಬಡಿದುಕೊಂಡಳು.

ಕುಮುದಿನಿ ಕಣ್ಣೊರೆಸಿಕೊಂಡಳು. "ಅಣ್ಣಾ, ಬೇಕಾಗಿರುವುದು ತಂಪು ತಾನೇ? ಅದು ತಾನಾಗಿ ನಡೆದು ಬರುತ್ತಿದೆ," ಎಂದು ನೀರಿನ ಕುಂಡಕ್ಕೆ ಇಳಿದು ನಿಂತಳು.

ಶೀತಕೇತು ಬಂದ. ಅವಳನ್ನು ಎಳೆದೊಯ್ಯಲು ಕುಂಡಕ್ಕೆ ಇಳಿದದ್ದೇ ತಡ, ನೀರು ಹೆಪ್ಪುಗಟ್ಟಿ ಅವನ ಕಾಲನ್ನೇ ಹಿಡಿಯಿತು; ಕುಮುದಿನಿ ಅವನ ಕೈಯನ್ನು ಬಿಗಿಯಾಗಿ ಹಿಡಿದಳು. ಸರ್ಪ ಕಣ್ತೆರೆಯಿತು. ಕಲ್ಲಿನ ಬಿಸಿ ಹರಿಯತೊಡಗಿತು, ಗೋಪುರದಲ್ಲಿ ದೀಪ ಹೊತ್ತಿತು, ಮಾಂತ್ರಿಕನ ಮೈ ತೊಟ್ಟಿಕ್ಕತೊಡಗಿತು.

"ಕೈ ಬಿಡು ಹುಡುಗೀ!" ಎಂದು ಕಿರುಚಿದ.

ಅವಳು ಬಿಡಲಿಲ್ಲ. ಅವನು ಪೂರ್ತಿ ಕರಗಿ ನೀರಾಗುವವರೆಗೂ ಹಿಡಿದೇ ನಿಂತಳು. ಕಟ್ಟಿದ್ದ ಗಾಳಿ ಬಿಚ್ಚಿಕೊಂಡು ಚಕ್ರಗಳು ತಿರುಗಿದವು.

ಹಿಮದ ಕೈ ಹಿಡಿದಿದ್ದ ಅವಳ ಬೆರಳುಗಳಿಗೆ ಮಾತ್ರ ಬಿಸಿಯ ಅರಿವು ಮತ್ತೆಂದೂ ಮರಳಲಿಲ್ಲ. ತುಂಗಜ್ಜಿ ಬದುಕಿರುವವರೆಗೂ ಅವುಗಳನ್ನು ತನ್ನ ಅಂಗೈಯಲ್ಲಿ ಉಜ್ಜುತ್ತಿದ್ದಳು. "ಬೆಚ್ಚಗಾಯಿತಾ ಕಂದಾ?" ಎಂದು ಕೇಳುವಳು. "ಆಯಿತಜ್ಜೀ," ಎನ್ನುವಳು ಕುಮುದಿನಿ. ಪವನಗಿರಿಯ ಮಂದಿ ಆ ಬೆಳಕಿನಲ್ಲಿ ಸುಖವಾಗಿ ಬಾಳಿದರು.