ನಿಸ್ಸಂಗನ ಬೇರ್ಪಡೆ ಮಂತ್ರ

ಬಹಳ ಹಿಂದೆ, ಭೂಮಿಗೆ ಇನ್ನೂ ಗಡಿಕಲ್ಲು ನೆಟ್ಟಿರದ ಕಾಲದಲ್ಲಿ, ಹುರಿನಾಡು ಎಂಬ ರಾಜ್ಯವಿತ್ತು. ಹಗ್ಗ ಹೊಸೆಯುವುದರಲ್ಲಿ ಅಲ್ಲಿನವರದು ಎತ್ತಿದ ಕೈ. ಗೋಡೆ ಬಿರುಕು ಬಿಟ್ಟರೂ ಹಗ್ಗ, ಗಂಡ ಹೆಂಡತಿ ಜಗಳವಾಡಿದರೂ ಹಗ್ಗ. ಇಬ್ಬರನ್ನೂ ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿ ಜಗಲಿಯ ಮೇಲೆ ಕೂರಿಸುತ್ತಿದ್ದರು. ಜಗಳ ನಿಲ್ಲುತ್ತಿತ್ತೋ ಇಲ್ಲವೋ, ಬೆನ್ನುನೋವಂತೂ ಬರುತ್ತಿತ್ತು. ಆ ನಾಡನ್ನು ರಾಣಿ ಚಂದಲದೇವಿ ಆಳುತ್ತಿದ್ದಳು. ಅವಳ ತಮ್ಮ ಜಕ್ಕರಾಯ ಗಂಟು ಹಾಕುವುದರಲ್ಲಿ ಎಲ್ಲರನ್ನೂ ಮೀರಿಸಿದವನು. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು.

ಒಂದು ದಿನ ಬೆಟ್ಟದ ಮೇಲಿನ ಮಾಂತ್ರಿಕ ನಿಸ್ಸಂಗ ಬೇರ್ಪಡೆಯ ಮಂತ್ರ ಊದಿದ. ನಾಡಿನ ಉಪ್ಪೆಲ್ಲ ಒಡೆದು ಎರಡು ಮೃಗಗಳಾಗಿ ಕಾಡಿಗೆ ಓಡಿತು. ನೀರು ಒಡೆದು ಗೂಳಿ, ಹಕ್ಕಿಗಳಾಗಿ ಬಯಲಿಗೆ ಹಾರಿತು. ಕಬ್ಬಿಣ ಹುಡಿಯಾಯಿತು. ಮನುಷ್ಯರ ಕಣ್ಣೀರಲ್ಲಿ ಉಪ್ಪಿದೆ, ಮೈಯಲ್ಲಿ ನೀರಿದೆ, ನೆತ್ತರಲ್ಲಿ ಕಬ್ಬಿಣವಿದೆ. ಹಾಗಾಗಿ ಮಂತ್ರ ಮನುಷ್ಯರಿಗೂ ತಾಗಿತು, ಮೊದಲು ರಾಣಿಗೆ. ಅವಳ ಬೆರಳುಗಳು ತುದಿಯಿಂದ ಹೊಗೆಯಾಗತೊಡಗಿದವು.

"ತಮ್ಮಾ, ಇದು ಎದೆಗೆ ಬಂದರೆ ನಾನಿಲ್ಲ ಕಣೋ," ಎಂದಳು.

ಜಕ್ಕರಾಯ ಚಂಗನೆ ಎದ್ದ. "ಎಲ್ಲವನ್ನೂ ಹಿಡಿದು ಕಟ್ಟಿ ತರ್ತೀನಿ ಅಕ್ಕಾ," ಎಂದು ಹಗ್ಗದ ಸುರುಳಿ ಹೆಗಲಿಗೇರಿಸಿ ಹೊರಟ.

ಕಾಡಿನಲ್ಲಿ ಬೆಳ್ಳಿ ಮೈಯ ಚಿರತೆಯೂ ಹಸಿರು ಹಾವೂ ಎದುರಾದವು. ಚಿರತೆ ಇಬ್ಬನಿ ತಾಗಿದರೂ ಸಿಡಿದು ಉರಿಯುತ್ತಿತ್ತು. ಹಾವಿನ ಉಸಿರು ಗಂಟಲು ಸುಡುತ್ತಿತ್ತು. ಜಕ್ಕರಾಯ ಎರಡನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದ. ಚಿರತೆ ಒಮ್ಮೆ ಸಿಡಿಯಿತು, ಹಗ್ಗವೆಲ್ಲ ಬೂದಿ! ಜಂಬ ಇಳಿಯಿತು. ಬೇರೆ ದಾರಿ ಕಾಣದೆ, "ನಿಮಗೆ ಏನು ಬೇಕು?" ಎಂದು ಕೇಳಿದ.

"ನನ್ನ ಕೊರಳಲ್ಲಿ ಒಂದು ಮಣಿ ಹೆಚ್ಚಾಗಿದೆ, ಅದಕ್ಕೇ ಈ ಉರಿ," ಎಂದಿತು ಚಿರತೆ.

"ಎಂಟು ಮಣಿ ತುಂಬಿದರೆ ನೆಮ್ಮದಿ, ನನಗೆ ಒಂದು ಕಡಿಮೆ, ಅದಕ್ಕೇ ಈ ವಿಷ," ಎಂದಿತು ಹಾವು.

"ಅಯ್ಯೋ ನಿಮ್ಮ! ಕಚ್ಚಾಡೋ ಬದಲು ಕೊಟ್ಟು ತಗೊಳ್ಳಿ," ಎಂದ ಜಕ್ಕರಾಯ.

ಚಿರತೆ ಮಣಿ ಕೊಟ್ಟಿತು, ಹಾವು ತೆಗೆದುಕೊಂಡಿತು. ಉರಿ ಆರಿತು, ವಿಷವೂ ಇಳಿಯಿತು. ಕೊಟ್ಟ ಚಿರತೆಯೂ ಪಡೆದ ಹಾವೂ ಒಂದನ್ನೊಂದು ಸೆಳೆದು ಅಂಟಿಕೊಂಡವು. ಅಲ್ಲಿ ಬಿಳಿ ಉಪ್ಪಿನ ರಾಶಿ ಬಿದ್ದಿತ್ತು.

ಬಯಲಲ್ಲಿ ಒಂದು ಗೂಳಿ, ಎರಡು ಹಗುರ ಹಕ್ಕಿ. ಗೂಳಿಗೆ ಆರು ಮಣಿ, ಬೇಕಾದದ್ದು ಎಂಟು. ಹಕ್ಕಿಗಳಿಗೆ ಒಂದೊಂದು, ಬೇಕಾದದ್ದು ಎರಡೆರಡು.

"ಯಾರು ಕೊಡ್ತೀರಿ?" ಎಂದ ಜಕ್ಕರಾಯ.

"ಸತ್ತರೂ ಕೊಡೆವು!" ಎಂದವು ಮೂರೂ.

ಅವನು ತಲೆ ಕೆರೆದುಕೊಂಡ. "ಕೊಡಬೇಡಿ ಬಿಡಿ. ಗೂಳಿ, ನಿನ್ನದೊಂದು, ಹಕ್ಕಿಯದೊಂದು ಜೋಡಿಸಿ ನಡುವೆ ಇಟ್ಟುಕೊಳ್ಳಿ. ಎಣಿಸುವಾಗ ಎರಡನ್ನೂ ಇಬ್ಬರೂ ಎಣಿಸಿಕೊಳ್ಳಿ."

ಗೂಳಿ ಎರಡೂ ಹಕ್ಕಿಗಳೊಡನೆ ಹಾಗೆಯೇ ಮಾಡಿತು. ಎಣಿಸಿದರೆ ಗೂಳಿಗೆ ಎಂಟು, ಹಕ್ಕಿಗಳಿಗೆ ಎರಡೆರಡು! ಮೂವರೂ ನೀರಾಗಿ ಹರಿದರು.

ಬೆಟ್ಟದ ತುದಿಯಲ್ಲಿ ನಿಸ್ಸಂಗ ಸೊಂಟದವರೆಗೆ ಕಬ್ಬಿಣದ ಹುಡಿ ಪೇರಿಸಿಕೊಂಡು ಕೂತಿದ್ದ. ಅವನ ಮೈ ಅಷ್ಟು ಹಗುರ. ಭಾರವಿಲ್ಲದಿದ್ದರೆ ನೆಲದಲ್ಲಿ ನಿಲ್ಲಲಾರ.

"ನನ್ನ ಎಂಟು ಮಣಿಯೂ ನನ್ನಲ್ಲೇ ಇವೆ. ನನಗೆ ಯಾರ ಹಂಗೂ ಇಲ್ಲ. ಎಲ್ಲರೂ ನನ್ನ ಹಾಗೆ ಒಂಟಿಯಾಗಿರಲಿ," ಎಂದ.

ಹುಡಿಯ ಕಣಕಣವೂ ತನ್ನ ಮಣಿಯನ್ನು ಮುಷ್ಟಿಯಲ್ಲಿ ಬಿಗಿದಿತ್ತು. ಜಕ್ಕರಾಯ ಅವಕ್ಕೆ ಕೂಗಿ ಹೇಳಿದ: "ಮುಷ್ಟಿ ಬಿಚ್ಚಿರಪ್ಪಾ! ಮಣಿಗಳು ನಿಮ್ಮೆಲ್ಲರ ನಡುವೆ ಓಡಾಡಲಿ. ಅವು ಒಬ್ಬರವಲ್ಲ, ಎಲ್ಲರವು."

ಮುಷ್ಟಿಗಳು ಬಿಚ್ಚಿದವು. ಹುಡಿಯೆಲ್ಲ ಒಂದಾಗಿ ಹಲಗೆಯಾಗಿ ಎದ್ದು ನಿಂತಿತು. ನಿಸ್ಸಂಗ ಸಿಟ್ಟಿನಿಂದ ಗದೆ ಬೀಸಿದ. ಹಲಗೆ ಬಾಗಿತು, ಮುರಿಯಲಿಲ್ಲ, ಪಕ್ಕಕ್ಕೆ ಸರಿಯಿತು. ಭಾರ ಕಳೆದ ಮಾಂತ್ರಿಕ ನೆಲದಿಂದ ಮೇಲೇಳತೊಡಗಿದ.

"ಕೈ ಕೊಡು, ಎಳೆದುಕೊಳ್ತೀನಿ!" ಎಂದು ಜಕ್ಕರಾಯ ಕೈಚಾಚಿದ.

"ಬೇಡ," ಎಂದ ನಿಸ್ಸಂಗ. ಮೋಡದಾಚೆ ಹೋದ, ಅವನ ಮಂತ್ರವೂ ಅವನ ಜೊತೆ ಹೋಯಿತು.

ಜಕ್ಕರಾಯ ಏದುಸಿರು ಬಿಡುತ್ತ ಅರಮನೆಗೆ ಓಡಿಬಂದ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಇಷ್ಟು ಹೊತ್ತಾ? ನನ್ನ ಜೀವ ಬಾಯಿಗೆ ಬಂದಿತ್ತಲ್ಲೋ!" ಎಂದು ಅವನ ಕಿವಿ ಹಿಡಿದು ಹಿಂಡಿದಳು. ಐದೂ ಬೆರಳಿನ ಹಿಡಿತ, ಚೆನ್ನಾಗಿ ನೋಯಿತು. ಅಷ್ಟು ನೋಯಿತಲ್ಲ ಎಂಬ ಸಂತೋಷಕ್ಕೆ ಜಕ್ಕರಾಯ ಗಳಗಳನೆ ಅತ್ತುಬಿಟ್ಟ. ಹುರಿನಾಡಿನವರು ಆ ರಾತ್ರಿ ಹೊಟ್ಟೆ ತುಂಬ ಉಂಡು, ತಣ್ಣಗೆ ನೀರು ಕುಡಿದು, ಮುಂದೆಯೂ ಬಹುಕಾಲ ಸುಖವಾಗಿ ಬಾಳಿದರು.