ಬ್ರೇಕಿನ ಮೇಲಿನ ಬೆರಳು

“ನಿಂತ್ಕೊಳ್ಳಿ.”

ಹಾಗೆಂದವನ ಕೈಯಲ್ಲಿ ಗುದ್ದಲಿಯಿತ್ತು. ಮುಖದಲ್ಲಿ ದಾಕ್ಷಿಣ್ಯವೆಂಬುದು ಎಳ್ಳಷ್ಟೂ ಇರಲಿಲ್ಲ.

ಬೆಟ್ಟದ ನೆತ್ತಿಯಲ್ಲಿ, ಕರಿಬಣ್ಣದ ಫಲಕದ ಪಕ್ಕದಲ್ಲಿ, ಅವಳು ಒಂದು ಕಾಲನ್ನು ಸೈಕಲ್ಲಿನ ಪೆಡಲಿನ ಮೇಲಿಟ್ಟು ಹೊರಡಲು ಸಿದ್ಧಳಾಗಿದ್ದಳು. ಅಲ್ಲಿಂದ ಕೆಳಕ್ಕಿಳಿಯುವ ಜಾಡು ನುರಿತ ಸವಾರರಿಗೆ ಮಾತ್ರ ಎಂದು ಆ ಫಲಕ ಸಾರುತ್ತಿತ್ತು. ಸುಲಭದ ಜಾಡುಗಳನ್ನೆಲ್ಲ ಪಳಗಿಸಿಕೊಂಡು, ಕರಿ ಜಾಡಿನತ್ತ ಅವಳು ಬಂದದ್ದು ಅಂದೇ ಮೊದಲು.

ಅಷ್ಟರಲ್ಲಿ ಕೆಂಪು ಹೆಲ್ಮೆಟ್ಟಿನ ಗಂಡಸೊಬ್ಬ ಅವಳ ಪಕ್ಕದಿಂದಲೇ ನುಗ್ಗಿ, ಧೂಳೆಬ್ಬಿಸಿ, ಇಳಿಜಾರಿನಲ್ಲಿ ಮಾಯವಾದ. ಗುದ್ದಲಿಯವನು ಅವನನ್ನು ತಡೆಯಲಿಲ್ಲ.

ಅವಳ ಕಿವಿ ಬಿಸಿಯಾಯಿತು.

“ಅವರನ್ನ ಬಿಟ್ರಿ. ನನ್ನನ್ನ ಮಾತ್ರ ತಡೀತೀರಿ. ಹೆಂಗಸು ಅಂತಲಾ?”

“ಅವರು ನಿನ್ನೆ ಈ ದಾರೀನ ಪೂರ್ತಿ ನಡೆದು ನೋಡಿದಾರೆ. ನೀವು ನೋಡಿಲ್ಲ. ನಡೆಯದೇ ಇರೋರು ಇಲ್ಲಿ ಚಕ್ರ ಬಿಡೋ ಹಾಗಿಲ್ಲ. ನನ್ನ ಒಡಹುಟ್ಟಿದ ತಮ್ಮ ಬಂದ್ರೂ ಇಷ್ಟೇ.”

ಸೈಕಲ್ಲನ್ನು ಮರಕ್ಕೊರಗಿಸಿ ಅವಳು ನಡೆಯತೊಡಗಿದಳು. ಮೊದಮೊದಲು ತಪ್ಪು ಹುಡುಕುವ ಹಟದಿಂದಲೇ ನಡೆದಳು. ಆದರೆ ಬೇರುಗಳು ಹೆಣೆದುಕೊಂಡ ಇಳಿತ, ಗೋಡೆಯಂತೆ ಎತ್ತರಿಸಿದ ತಿರುವುಗಳು, ಸವಾರರು ‘ಅತ್ತೆಯ ಹಲ್ಲು’ ಎಂದು ಕರೆಯುತ್ತಿದ್ದ ಚೂಪುಗಲ್ಲುಗಳ ಸಾಲು... ಒಂದೊಂದೂ ಅವಳ ಕೋಪವನ್ನು ಇಷ್ಟಿಷ್ಟೇ ಕಳಚಿಹಾಕಿತು. ನೀರು ಎಲ್ಲಿ ಹರಿದುಹೋಗಬೇಕು, ಚಕ್ರ ಎಲ್ಲಿ ವಾಲಬೇಕು ಎಂಬುದನ್ನು ಯೋಚಿಸದೆ ಅಲ್ಲಿ ಒಂದು ಹಿಡಿ ಮಣ್ಣನ್ನೂ ಹಾಕಿರಲಿಲ್ಲ.

ಕೊನೆಯಲ್ಲೊಂದು ಕಂದಕವಿತ್ತು. ಈಚೆಯ ದಿಬ್ಬದಿಂದ ಜಿಗಿದು, ಗಾಳಿಯಲ್ಲಿ ತೇಲಿ, ಆಚೆಯ ಇಳಿಜಾರಿನ ಮೇಲೆ ಇಳಿಯಬೇಕು. ಅದರ ಅಂಚಿನಲ್ಲಿ ನಿಂತು ಇಣುಕಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ತಡೆದದ್ದು ಒಳ್ಳೆಯದಾಯಿತು ಎಂದು ಮನಸ್ಸು ಒಪ್ಪಿಕೊಂಡಿತು; ಬಾಯಿ ಒಪ್ಪಿಕೊಳ್ಳಲು ಇನ್ನೊಂದು ವಾರ ಬೇಕಾಯಿತು.

ಆ ಬೆಟ್ಟದಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಜಾಡು ಕಡಿದು ಕಾಯುವ ಕೆಲಸದವನಾದ್ದರಿಂದ ಅವನು ಗುದ್ದಲಿ. ಪೇಟೆಯಲ್ಲಿ ಅಕ್ಕನ ಜೊತೆ ಕನ್ನಡಕದ ಅಂಗಡಿ ನಡೆಸುತ್ತ, ಬಂದವರ ಕಣ್ಣು ಪರೀಕ್ಷಿಸುತ್ತಿದ್ದ ಅವಳಿಗೆ ಕನ್ನಡಕ ಎಂದೇ ಹೆಸರು ಬಿತ್ತು.

ತಮ್ಮವರಿಗೊಂದು, ಪರರಿಗೊಂದು ಎಂದು ಎರಡೆರಡು ಅಳತೆಗೋಲು ಇಟ್ಟುಕೊಂಡಿರುವ ಈ ಲೋಕದಲ್ಲಿ, ಎಲ್ಲರಿಗೂ ಒಂದೇ ನಿಯಮವೆನ್ನುವ ಮನುಷ್ಯ ಅಪರೂಪ. ಅವಳೂ ಅದೇ ಜಾತಿಯವಳು. ಕಣ್ಣು ಸರಿಯಿದ್ದವರಿಗೆ ಕನ್ನಡಕ ಬೇಡವೆಂದು ಹೇಳಿ ಕಳುಹಿಸಿಬಿಡುತ್ತಿದ್ದಳು. ಹೀಗೇ ಆದರೆ ಅಂಗಡಿಯ ಬಾಗಿಲಿಗೆ ಅಗುಳಿ ಹಾಕಿಕೊಂಡು ಇಬ್ಬರೂ ಕೂರಬೇಕಾಗುತ್ತದೆ ಎಂದು ಅಕ್ಕ ಗೊಣಗುತ್ತಿದ್ದಳು. ಆದರೆ ತಂಗಿಯ ಮಾತಿಗಾಗಿಯೇ ನಾಲ್ಕು ಬೀದಿ ದಾಟಿ ಗಿರಾಕಿಗಳು ಬರುತ್ತಾರೆಂಬುದು ಅವಳಿಗೂ ಗೊತ್ತಿತ್ತು.

ತಿಂಗಳುಗಳು ಉರುಳಿದವು. ‘ನೀವು’ ಹೋಗಿ ‘ನೀನು’ ಬಂತು. ಭಾನುವಾರ ಬೆಳಿಗ್ಗೆ ತಂಗಿ ಕನ್ನಡಿಯ ಮುಂದೆ ಎರಡು ಸಲ ನಿಲ್ಲುವುದನ್ನು ಕಂಡ ಅಕ್ಕ, ಹೆಲ್ಮೆಟ್ಟಿನೊಳಗೆ ಜಡೆ ಯಾರಿಗೆ ಕಾಣಿಸುತ್ತದೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಬೇರು, ಬಂಡೆ, ತಿರುವು ಎಲ್ಲವನ್ನೂ ಅವಳು ಗೆದ್ದಳು. ಕಂದಕವೊಂದು ಉಳಿಯಿತು. ಪ್ರತಿ ಸಲವೂ ಕೊನೆಯ ಗಳಿಗೆಯಲ್ಲಿ ಪಕ್ಕದ ದಾರಿ ಹಿಡಿಯುತ್ತಿದ್ದಳು.

ಕಂದಕ ಹಾರಲು ಎಷ್ಟು ವೇಗ ಬೇಕೆಂಬುದು ಬಾಯಿಮಾತಿನಿಂದ ತಿಳಿಯುವಂಥದ್ದಲ್ಲ. ಅದಕ್ಕಾಗಿ ಸವಾರರಲ್ಲಿ ಒಂದು ಪದ್ಧತಿಯಿದೆ. ಬಲ್ಲವನು ಮುಂದೆ ಹೋಗುತ್ತಾನೆ, ಕಲಿಯುವವನು ಅವನ ಚಕ್ರಕ್ಕೇ ಕಣ್ಣು ನೆಟ್ಟು ಹಿಂಬಾಲಿಸುತ್ತಾನೆ. ಮುಂದಿನವನ ವೇಗವೇ ಹಿಂದಿನವನ ವೇಗ. ಆದ್ದರಿಂದ ಮುಂದಿನವನು ಬ್ರೇಕ್ ಒತ್ತಬಾರದು, ಹಿಂದಿರುಗಿ ನೋಡಬಾರದು. ಇದನ್ನು ಮೀರಿದವನಿಗೆ ಕಾರಣ ಹೇಳುವ ಹಕ್ಕಿಲ್ಲ ಎಂಬುದು ಗುದ್ದಲಿಯೇ ಎಲ್ಲರಿಗೂ ಕಲಿಸಿದ ಪಾಠ.

“ಬರೋ ಭಾನುವಾರ ನನ್ನ ಹಿಂದೆ ಬಾ” ಎಂದು ಅವನು ಹೇಳಿದಾಗ ಅವಳ ಎದೆಬಡಿತ ಹೆಚ್ಚಿದ್ದು ಕಂದಕದ ಭಯಕ್ಕೋ ಬೇರೇನಕ್ಕೋ... ಅವಳಿಗೇ ತಿಳಿಯಲಿಲ್ಲ.

ಆ ವಾರ ಅವಳೊಂದು ಕೆಲಸ ಮಾಡಿದಳು. ಪೆಡಲು ನಿಲ್ಲಿಸಿದೊಡನೆ ಅವಳ ಸೈಕಲ್ಲಿನ ಹಿಂಚಕ್ರದ ಫ್ರೀವೀಲ್ ಕಟಕಟನೆ ಅರಚುತ್ತಿತ್ತು. ‘ಹೊಲಿಗೆ ಯಂತ್ರ ಬಂತು’ ಎಂದು ಜೊತೆಯ ಸವಾರರು ನಗುತ್ತಿದ್ದರು. ಅವನೂ ಒಮ್ಮೆ ಜೋರಾಗಿಯೇ ನಕ್ಕಿದ್ದ. ಸೈಕಲ್ ರಿಪೇರಿಯವನಿಗೆ ಹೇಳಿ ಅವಳು ಅದರೊಳಗೆ ಗಟ್ಟಿ ಗ್ರೀಸ್ ತುಂಬಿಸಿದಳು. ಚಕ್ರ ಈಗ ಬೆಕ್ಕಿನ ಹೆಜ್ಜೆಯಷ್ಟು ಮೌನವಾಯಿತು. ಇದನ್ನು ಅವನಿಗೆ ಹೇಳಲಿಲ್ಲ. ತಾನಾಗಿಯೇ ಗಮನಿಸಲಿ, ಮೆಚ್ಚಲಿ ಎಂಬ ಸಣ್ಣ ಆಸೆ.

ಭಾನುವಾರ ಬಂತು. ಅವನು ಮುಂದೆ, ಅವಳು ಹಿಂದೆ. ಬೇರುಗಳು ಕಾಲಡಿಯಲ್ಲಿ ಗುಡುಗಿದವು, ಅತ್ತೆಯ ಹಲ್ಲುಗಳು ಕೈಗಳನ್ನು ನಡುಗಿಸಿದವು. ಕೊನೆಯ ತಿರುವು ದಾಟಿತು. ಇನ್ನು ನೇರ ಇಳಿಜಾರು, ಅದರಾಚೆ ದಿಬ್ಬ. ಅವಳ ಕಣ್ಣು ಅವನ ಹಿಂಚಕ್ರವನ್ನು ಬಿಟ್ಟು ಕದಲಲಿಲ್ಲ. ಈ ಸಲ ಹಾರುತ್ತೇನೆ, ಹಾರಿಯೇ ಹಾರುತ್ತೇನೆ...

ಆ ಕ್ಷಣದಲ್ಲಿ ಅವನು ತಲೆ ತಿರುಗಿಸಿ ನೋಡಿದ. ಅವನ ಬೆರಳು ಬ್ರೇಕ್ ಒತ್ತಿತು.

ಅವನ ವೇಗ ಕುಗ್ಗಿದ್ದನ್ನು ಕಂಡ ಅವಳ ಬೆರಳುಗಳೂ ತಾವಾಗಿ ಬಿಗಿದವು. ಬಲ್ಲವನಾದ್ದರಿಂದ ಅವನು ಹೇಗೋ ಸೈಕಲ್ಲನ್ನು ಎಳೆದೆತ್ತಿ ದಾಟಿದ. ಅವಳ ಮುಂಚಕ್ರ ಆಚೆಯ ಅಂಚಿಗೆ ಬಡಿಯಿತು.

ಹೆಚ್ಚೇನೂ ಆಗಲಿಲ್ಲ. ಬಲಗೈ ಮಣಿಕಟ್ಟಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಆದರೆ ಪಟ್ಟಿ ಕಟ್ಟಲಾಗದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಿರುಕು ಬಿಟ್ಟಿತ್ತು.

ಒಡಹುಟ್ಟಿದ ತಮ್ಮನಿಗೂ ವಿನಾಯಿತಿ ಕೊಡದವನು ತನಗೇಕೆ ಕೊಟ್ಟ? ಕೆಂಪು ಹೆಲ್ಮೆಟ್ಟಿನವನಾಗಿದ್ದರೆ ಹಿಂದಿರುಗಿ ನೋಡುತ್ತಿದ್ದನೇ? ಇವಳ ಕೈಲಾಗದು ಎಂದು ಒಳಗೊಳಗೇ ಎಣಿಸಿದ್ದನಲ್ಲವೇ? ‘ನೀನು ಎಲ್ಲರಂತೆ’ ಎಂದು ಬಾಯಲ್ಲಿ ಹೇಳುತ್ತ, ಹೆಣ್ಣಿನ ಪಕ್ಕದಲ್ಲಿ ಸದಾ ಒಂದು ಊರುಗೋಲು ಇಟ್ಟುಕೊಂಡೇ ನಡೆಯುವ ಕಾಳಜಿಯಿದೆಯಲ್ಲ, ಅದು ಅವಮಾನದ ಒಡಹುಟ್ಟು. ಬಯ್ದವನಿಗೆ ತಿರುಗಿ ಬಯ್ಯಬಹುದು; ಕನಿಕರ ತೋರಿಸಿದವನಿಗೆ ಏನೆಂದು ಹೇಳುವುದು?

ಎರಡು ದಿನಗಳ ನಂತರ ಅವನು ಅಂಗಡಿಗೆ ಬಂದ. ಅಕ್ಷರಗಳ ಹಲಗೆಯ ಕೆಳಗೆ, ಗಿರಾಕಿಗಳ ಕುರ್ಚಿಯ ಪಕ್ಕದಲ್ಲಿ, ಕೈಕಟ್ಟಿ ನಿಂತ.

“ತಪ್ಪು ನಂದು.”

“ಯಾಕೆ ನೋಡಿದ್ರಿ?” ಅವಳು ಕೇಳಿದಳು.

ಹೋದ ‘ನೀವು’ ಮರಳಿ ಬಂದದ್ದು ಅವನಿಗೆ ನಾಟಿತು. ಫ್ರೇಮ್ ಒರೆಸುತ್ತಿದ್ದ ಅಕ್ಕನ ಕೈ ಕೂಡ ನಿಂತಿತು.

ಕಾರಣ ಹೇಳುವ ಹಕ್ಕಿಲ್ಲವೆಂದು ಊರಿಗೆಲ್ಲ ಕಲಿಸಿದವನು ತನಗೊಂದು ಕಾರಣವಿದೆ ಎಂದು ಹೇಗೆ ಹೇಳಿಯಾನು? ತಲೆ ತಗ್ಗಿಸಿ ಹೊರಟುಹೋದ.

ಆ ಮೌನವನ್ನು ಅವಳು ಒಪ್ಪಿಗೆಯೆಂದೇ ತಿಳಿದಳು. ಅನುಮಾನ ನಿಜವಾಯಿತು ಎಂದುಕೊಂಡಳು.

ಮಣಿಕಟ್ಟು ಕೂಡಿಕೊಳ್ಳುವವರೆಗೆ ಅವಳು ಎಡಗೈಯಲ್ಲೇ ಕೆಲಸ ನಡೆಸಿದಳು, ಬೆಟ್ಟದ ಮಾತೆತ್ತಲಿಲ್ಲ. ಭಾನುವಾರಗಳು ಉದ್ದವಾದವು. ಅಕ್ಕ ಒಮ್ಮೆ, ಮುರಿದದ್ದು ಕೈಯೋ ಮೂತಿಯೋ ಎಂದು ಕೇಳಿದಳು. ನಗು ಬರಲಿಲ್ಲ.

ಪಟ್ಟಿ ಬಿಚ್ಚಿ ಕೆಲವು ದಿನ ಕಳೆದಿದ್ದವು. ಶನಿವಾರ ಸಂಜೆ ಕೆಂಪು ಹೆಲ್ಮೆಟ್ಟಿನವನು ಸಡಿಲವಾದ ಕನ್ನಡಕವನ್ನು ಬಿಗಿ ಮಾಡಿಸಿಕೊಳ್ಳಲು ಅಂಗಡಿಗೆ ಬಂದ. ಅವಳು ಸ್ಕ್ರೂ ತಿರುಗಿಸುತ್ತಿದ್ದಾಗ ಅವನು ಬೆಟ್ಟದ ಸುದ್ದಿಯೆಲ್ಲ ಹರಡಿದ. ಗುದ್ದಲಿ ಈಗ ಯಾರನ್ನೂ ಹಿಂದೆ ಕರೆದುಕೊಂಡು ಹೋಗುವುದಿಲ್ಲವಂತೆ. ನಾಳೆ ಬೆಳಿಗ್ಗೆ ಕಂದಕಕ್ಕೆ ಮಣ್ಣು ತುಂಬಿ ಸಮ ಮಾಡಿಬಿಡುತ್ತಾನಂತೆ. ನೀವು ಬಿದ್ದದ್ದು ನಮಗೆಲ್ಲ ಕುತ್ತಾಯಿತು ಎಂದು ನಗುತ್ತಲೇ ಹೇಳಿದ.

ಅವಳು ನಗಲಿಲ್ಲ. ಒಬ್ಬಳು ಬಿದ್ದಳೆಂದು ಎಲ್ಲರ ದಾರಿ ಮುಚ್ಚುವುದೇ? ಇದು ಯಾವ ನ್ಯಾಯ?

ಮರುದಿನ ಅವಳು ಸೈಕಲ್ಲಿನೊಂದಿಗೆ ಹೊರಟಾಗ ಅಕ್ಕ ತಡೆಯಲಿಲ್ಲ. ಜಗಳ ಆಡುವುದಿದ್ದರೆ ಪೂರ್ತಿ ಆಡಿಯೇ ಬಾ, ಅರ್ಧ ಮನೆಗೆ ತರಬೇಡ ಎಂದಷ್ಟೇ ಹೇಳಿದಳು.

ಕಂದಕದ ಬಳಿ ಮಣ್ಣಿನ ರಾಶಿಯಿತ್ತು. ಅವನು ಮೊದಲ ಬುಟ್ಟಿ ಎತ್ತುತ್ತಿದ್ದ.

“ನಿಂತ್ಕೊಳ್ಳಿ” ಎಂದಳು.

ಅವನು ನಿಂತ.

“ನಾನು ಬಿದ್ದೆ ಅಂತ ಇದನ್ನ ಮುಚ್ತೀರಾ? ನನ್ನ ಕೈಲಾಗಲ್ಲ ಅಂತ ಒಂದು ಸಲ ತೋರಿಸಿದ್ದು ಸಾಲ್ದಾ? ಈಗ ಊರಿಗೆಲ್ಲ ಸಾರ್ತೀರಾ?”

“ನಿನ್ನ ಕೈಲಾಗಲ್ಲ ಅಂತ ನಾನು ಯಾವತ್ತು ಅಂದೆ?”

“ಅನ್ನಲಿಲ್ಲ. ತಿರುಗಿ ನೋಡಿದ್ರಿ.”

ಬುಟ್ಟಿ ಕೆಳಗಿಳಿಯಿತು. ಬಹಳ ದಿನ ತಡೆದಿಟ್ಟ ಮಾತು ಕೊನೆಗೂ ಹೊರಬಿತ್ತು.

“ಸದ್ದು ಕೇಳಿಸ್ಲಿಲ್ಲ.”

“ಏನು?”

“ನಿನ್ನ ಚಕ್ರದ ಸದ್ದು. ಮುಂದೆ ಹೋಗೋನಿಗೆ ಕಣ್ಣು ಹಿಂದೆ ಇರಲ್ಲ, ಕಿವಿ ಮಾತ್ರ ಇರುತ್ತೆ. ನಿನ್ನ ಕಟಕಟ ಕೇಳಿಸ್ತಾ ಇದ್ರೆ ನೀನು ಇದೀಯ ಅಂತ ಅರ್ಥ. ಅವತ್ತು ಕೊನೇ ತಿರುವು ದಾಟಿದ್ಮೇಲೆ ಕಿವಿ ಕೊಟ್ಟೆ... ಏನೂ ಇಲ್ಲ. ಬಂಡೆ ಹತ್ರ ಎಲ್ಲೋ ಬಿದ್ದುಬಿಟ್ಟಿದೀಯ ಅಂದ್ಕೊಂಡೆ. ಆಮೇಲೆ ನಿಯಮ ಗಿಯಮ ಯಾವುದೂ ನೆನಪಾಗ್ಲಿಲ್ಲ.”

ಅವಳು ತನ್ನ ಸೈಕಲ್ಲಿನ ಹಿಂಚಕ್ರವನ್ನು ಎತ್ತಿ ತಿರುಗಿಸಿದಳು. ಚಕ್ರ ಸುತ್ತಿತು. ಸದ್ದಿಲ್ಲ.

“ಗ್ರೀಸ್ ತುಂಬಿಸಿದ್ದೆ” ಎಂದಳು, ಕಷ್ಟಪಟ್ಟು. “ನೀನು ಒಂದ್ಸಲ ನಕ್ಕಿದ್ಯಲ್ಲ, ಅದಕ್ಕೆ. ನಿಂಗೆ ಖುಷಿಯಾಗ್ಲಿ ಅಂತ.”

ಅವನು ಬಗ್ಗಿ ಆ ಚಕ್ರವನ್ನು ತಾನೂ ಒಮ್ಮೆ ತಿರುಗಿಸಿದ.

ಹೇಳದೆ ಮಾಡಿದ ಉಪಕಾರ, ಕೇಳಿದರೂ ನುಂಗಿಕೊಂಡ ಕಾರಣ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ನೆಟ್ಟಗಿನವರು. ಆದರೂ ಒಂದು ಮಾತಿನ ಕೊರತೆ ಇಬ್ಬರನ್ನೂ ಇಷ್ಟು ದಿನ ಸುಟ್ಟಿತು. ಸತ್ಯವಂತರಿಗೂ ಬಾಯಿ ಬೇಕು. ಬಾಯಿಲ್ಲದ ಸತ್ಯ ಯಾರ ಮನೆಯ ದೀಪವನ್ನೂ ಹಚ್ಚುವುದಿಲ್ಲ.

“ಅಂಗಡೀಲಿ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ತಪ್ಪನ್ನ ನಿನ್ನ ತಲೆಗೆ ಕಟ್ಟಿದ ಹಾಗಾಗ್ತಿತ್ತು. ಬಿದ್ದೋಳು ನೀನು.” ಕಂದಕದತ್ತ ಕೈ ತೋರಿಸಿ ಅವನು ಮುಂದುವರಿಸಿದ. “ಇದನ್ನ ಮುಚ್ತಾ ಇರೋದು ನಿನಗೋಸ್ಕರ ಅಲ್ಲ. ನನಗೋಸ್ಕರ. ಇನ್ನೊಂದು ಸಲ ನೀನು ಹಿಂದೆ ಬಂದ್ರೆ ನಾನು ಮತ್ತೆ ನೋಡ್ತೀನಿ. ನನ್ನ ಮೇಲೇ ನಂಗೆ ನಂಬಿಕೆ ಇಲ್ಲ.”

ಅವಳ ಸಿಟ್ಟು ಎಲ್ಲಿ ಹೋಯಿತೋ. ತನ್ನನ್ನು ಕಡಿಮೆಯೆಂದು ಎಣಿಸಿ ನೋಡಿದ್ದಲ್ಲ... ತನ್ನನ್ನು ಕಳೆದುಕೊಂಡೆನೆಂದು ನೋಡಿದ್ದು.

“ಹಾಗಾದ್ರೆ ನಾನು ಮುಂದೆ ಹೋಗ್ತೀನಿ” ಎಂದಳು. “ನೀನು ಹಿಂದೆ ಬಾ. ನನ್ನ ವೇಗಕ್ಕೇ ಬರಬೇಕು. ನಿಂದೇನೂ ಸೇರಿಸೋ ಹಾಗಿಲ್ಲ.”

ಈ ಕಂದಕವನ್ನು ಒಮ್ಮೆಯೂ ದಾಟದವಳ ಹಿಂದೆ ಹೋಗುವುದು ಬಲ್ಲವರು ಮಾಡುವ ಕೆಲಸವಲ್ಲ. ಅವಳ ವೇಗ ಕಡಿಮೆಯಾದರೆ ಇಬ್ಬರೂ ಕಂದಕದ ಪಾಲು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಏನನ್ನೂ ಕೇಳದೆ ತನ್ನ ಸೈಕಲ್ ತಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

ಏರುದಾರಿಯಲ್ಲಿ ನೆತ್ತಿಗೆ ಹತ್ತಿ, ಅಲ್ಲಿಂದ ಹೊರಟರು. ಬೆಳಗಿನ ಮಣ್ಣು ಹದವಾಗಿತ್ತು. ಬೇರುಗಳ ಮೇಲೆ ಅವಳ ಮೊಣಕಾಲುಗಳು ಮೆತ್ತಗೆ ಮಡಿಚಿಕೊಂಡವು, ಬಂಡೆಸಾಲಿನಲ್ಲಿ ಚಕ್ರ ತನ್ನ ದಾರಿ ತಾನೇ ಕಂಡುಕೊಂಡಿತು. ಕೊನೆಯ ತಿರುವಿನಲ್ಲಿ ಅವಳು ಎಂದಿಗಿಂತಲೂ ಹೆಚ್ಚು ವಾಲಿದಳು, ಎಂದಿಗಿಂತಲೂ ಕಡಿಮೆ ಹೆದರಿದಳು.

ಮುಂದೆ ನೇರ ಇಳಿಜಾರು. ಗಾಳಿ ಕಿವಿಯಲ್ಲಿ ಭೋರಿಡುತ್ತಿತ್ತು.

ಆಗ ಅವಳಿಗೊಂದು ಅರಿವಾಯಿತು. ಹಿಂದಿನಿಂದ ಏನೂ ಕೇಳಿಸುತ್ತಿಲ್ಲ.

ಅವನು ಇದ್ದಾನೆಯೇ? ಬಂಡೆಯ ಬಳಿ ಜಾರಿದನೇ? ಒಂದೇ ಒಂದು ಸಲ ತಿರುಗಿದರೆ... ಅವಳ ಕತ್ತು ತಾನಾಗಿ ಬಿಗಿಯಿತು. ಬೆರಳು ಬ್ರೇಕಿನ ಮೇಲೆ ಬಂದು ಕೂತಿತು. ಅಂದು ಅವನ ಬೆರಳು ಇದ್ದದ್ದು ಇಲ್ಲಿಯೇ, ಇದೇ ಭಯದಲ್ಲಿಯೇ. ಎಂಥ ಭಾರವಾದ ಭಯ ಇದು. ಇದನ್ನು ಹೊತ್ತವನದು ಕನಿಕರವೆಂದು ತಾನು ತಿಳಿದಿದ್ದಳು.

ಅವಳು ಬೆರಳನ್ನು ಎತ್ತಿದಳು. ಕಣ್ಣನ್ನು ಆಚೆಯ ಇಳಿಜಾರಿನ ಮೇಲೆ ನೆಟ್ಟಳು.

ದಿಬ್ಬ ಅವಳನ್ನು ಮೇಲಕ್ಕೆಸೆಯಿತು. ಒಂದು ಗಳಿಗೆ ಬೆಟ್ಟವಿರಲಿಲ್ಲ, ಭಾರವಿರಲಿಲ್ಲ, ಅಂಗಡಿಯ ಅಕ್ಷರಹಲಗೆಯ ಕೊನೆಯ ಸಾಲಿನಷ್ಟು ಚಿಕ್ಕದಾಗಿ ಲೋಕ ಕೆಳಗೆಲ್ಲೋ ಉಳಿದಿತ್ತು. ಮರುಗಳಿಗೆಯಲ್ಲಿ ಎರಡೂ ಚಕ್ರಗಳು ಇಳಿಜಾರಿಗೆ ಮೆಲ್ಲನೆ ತಾಗಿ ಓಡಿದವು.

ಅವಳ ಬೆನ್ನ ಹಿಂದೆ, ಧೊಪ್ಪೆಂದು, ಇನ್ನೊಂದು ಜೊತೆ ಚಕ್ರಗಳು ಇಳಿದವು.

ಬಯಲಿನಲ್ಲಿ ನಿಂತಾಗ ಇಬ್ಬರಿಗೂ ಉಸಿರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

“ನೋಡ್ಬೇಕು ಅನ್ನಿಸ್ತಾ?” ಅವನು ಕೇಳಿದ.

“ಪ್ರಾಣ ಹೋಗೋವಷ್ಟು.”

“ಆದ್ರೂ ನೋಡ್ಲಿಲ್ಲ.”

“ನೋಡಿದ್ರೆ ನೀನು ಬೀಳ್ತಿದ್ದೆ.”

ಅವನು ಕೈಗವಸು ತೆಗೆದು, ವಾಸಿಯಾದ ಅವಳ ಮಣಿಕಟ್ಟನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ. ಮಣ್ಣು ಹೊತ್ತು ಒರಟಾದ ಕೈ. ಹಿಡಿದ ಬಗೆ ಮಾತ್ರ ಬಲು ಮೆತ್ತಗಿತ್ತು.

“ನನಗೆ ನಿನ್ನ ಮೇಲೆ ಪ್ರೀತಿ ಇದೆ” ಎಂದ. “ಹೆದರಿಕೇನೂ ಇದೆ. ಪ್ರೀತಿ ಇರೋವರೆಗೆ ಅದೂ ಇರುತ್ತೆ ಅನ್ಸುತ್ತೆ.”

“ಇರ್ಲಿ. ನನಗೂ ಇದೆ, ಎರಡೂನೂ. ಇನ್ಮೇಲೆ ಬಾಯಿಬಿಟ್ಟು ಹೇಳೋಣ, ಅಷ್ಟೇ.”

ಆಮೇಲೆ ಅವನು ಬೆಟ್ಟದ ಕಡೆಗೆ ಕಣ್ಣು ಹಾಯಿಸಿದ.

“ಇನ್ನೊಂದು ಸಲ ಹೋಗೋಣ್ವಾ? ಮುಂದೆ ಯಾರು?”

ಅವಳು ಯೋಚಿಸಲಿಲ್ಲ.

“ಈ ಸಲ ನೀನು.”

“ನಿನ್ನ ಸದ್ದು ಕೇಳಿಸಲ್ವಲ್ಲ.”

“ಕೇಳಿಸಲ್ಲ” ಎಂದಳು ಅವಳು, ಸೈಕಲ್ಲನ್ನು ಏರುದಾರಿಯತ್ತ ತಿರುಗಿಸುತ್ತ. “ಆದ್ರೂ ಇರ್ತೀನಿ.”